ಎರಡಾಣೆಯ ಬಲ

ಕಲಬುರಗಿ ನಗರದಿಂದ ಹೊರಟು ಮಳಖೇಡದ ಮಾರ್ಗವಾಗಿ ಸೇಡಂ ಪಟ್ಟಣವನ್ನು ಸೇರುವ ದಾರಿಗೆ ಸೇಡಂ ರಸ್ತೆ ಎಂದು ಹೆಸರು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇಂದಿನ ಮಳಖೇಡ. ಒಂದು ಕಾಲಕ್ಕೆ ಚಕ್ರವರ್ತಿಗಳ ಬೊಕ್ಕಸದತ್ತ ಸಾಗುತ್ತಿದ್ದ ಈ ನೆಲದ ಮೇಲೆ ಇಂದು ಬೇರೊಂದು ಬಗೆಯ ಜನಜೀವನ ಹರಿಯುತ್ತಿದೆ. ರಸ್ತೆಯ ನಗರದ ಭಾಗದಲ್ಲಿ ವೈದ್ಯಕೀಯ ಕಾಲೇಜುಗಳೂ ದೊಡ್ಡ ಆಸ್ಪತ್ರೆಗಳೂ ಇವೆ. ಸ್ವಲ್ಪ ಮುಂದೆ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವಿದೆ. ಹಳ್ಳಿಗಳಿಂದ ಬರುವ ರೋಗಿಗಳು, ಅವರ ಬಂಧುಗಳು, ಪುಸ್ತಕ ಹಿಡಿದ ವಿದ್ಯಾರ್ಥಿಗಳು, ಕೆಲಸಕ್ಕೆ ಹೊರಟ ಕೂಲಿಕಾರರು ಎಲ್ಲರೂ ಈ ದಾರಿಯಲ್ಲಿ ಓಡಾಡುತ್ತಾರೆ. ಅವರನ್ನು ನೆಚ್ಚಿಕೊಂಡು ಚಹಾ, ಹಣ್ಣು, ಹೂವು, ರೊಟ್ಟಿ ಮಾರುವವರ ಬದುಕೂ ಈ ದಾರಿಯ ಬದಿಯಲ್ಲಿಯೇ ನಡೆಯುತ್ತದೆ.

ಇಂಥ ರಸ್ತೆಯ ಬದಿಯಲ್ಲಿ ತಳ್ಳುಗಾಡಿಯ ಮೇಲೆ ಹಣ್ಣು ಮಾರುವ ಒಬ್ಬ ತಾಯಿಯನ್ನು ನಾವು ಕಲ್ಪಿಸಿಕೊಳ್ಳೋಣ. ಆಕೆಯ ಗಾಡಿಯಲ್ಲಿ ಮೋಸಂಬಿ, ಪೇರಲ ಹಣ್ಣುಗಳ ಜೊತೆಗೆ ಕಮಲಾಪುರದ ಪ್ರಸಿದ್ಧವಾದ ಕೆಂಪು ಬಾಳೆಹಣ್ಣೂ ಇದೆ. ಬೆಳಗಿನ ಜಾವ ಸಗಟು ಮಾರುಕಟ್ಟೆಯಲ್ಲಿ ೧,೫೦೦ ರೂಪಾಯಿಯ ಹಣ್ಣು ಕೊಳ್ಳುತ್ತಾಳೆ. ಕತ್ತಲಾಗುವವರೆಗೆ ನಿಂತು ಮಾರುತ್ತಾಳೆ. ಬಿಸಿಲಿಗೆ ಕೊಳೆತದ್ದನ್ನು ಕಳೆದರೆ ದಿನಾಂತ್ಯದಲ್ಲಿ ಆಕೆಯ ಕೈಯಲ್ಲಿ ನಾಲ್ಕುನೂರು ರೂಪಾಯಿಯ ಆಸುಪಾಸು ಲಾಭ ಉಳಿಯುತ್ತದೆ. ಆಕೆಯ ಮಗಳು ಪದವಿಪೂರ್ವ ತರಗತಿಯ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಮುಂದಿನ ಜೂನ್ ತಿಂಗಳಲ್ಲಿ ಪದವಿ ಕಾಲೇಜಿಗೆ ಸೇರಬೇಕು. ಪ್ರವೇಶದ ಶುಲ್ಕ, ಪುಸ್ತಕ, ಬಸ್ಸಿನ ಪಾಸು, ಒಂದೆರಡು ಜೊತೆ ಬಟ್ಟೆ ಎಲ್ಲ ಸೇರಿ ೧೨,೦೦೦ ರೂಪಾಯಿ ಬೇಕು.

ಒಂದು ರಾತ್ರಿ ಊಟವಾದ ಮೇಲೆ ಮಗಳು ಕೇಳುತ್ತಾಳೆ: “ಯವ್ವಾ, ಹನ್ನೆರಡು ಸಾವಿರ ನೀ ಎಲ್ಲಿಂದ ತರ್ತಿ?”

ತಾಯಿ ಉತ್ತರಿಸುವುದಿಲ್ಲ. ಆಕೆಯಲ್ಲಿ ಉತ್ತರವಿಲ್ಲ. ದೀಪ ಆರಿದ ಮೇಲೂ ಆ ಸಂಖ್ಯೆ ಆಕೆಯ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಮಗಳ ಓದನ್ನು ನಿಲ್ಲಿಸಬೇಕೋ, ಬಡ್ಡಿಯವನ ಬಾಗಿಲು ತಟ್ಟಬೇಕೋ ಎಂಬ ಎರಡೇ ದಾರಿಗಳು ಆಕೆಗೆ ತೋರುತ್ತವೆ.

ಇದು ಒಬ್ಬ ತಾಯಿಯ ಕಥೆಯಲ್ಲ; ದಿನಗೂಲಿಯಿಂದ ಬದುಕುವ ಎಷ್ಟೋ ಮನೆಗಳ ಕಥೆ. ಹಣದ ಕೊರತೆ ಒಂದು ಕಷ್ಟ. ಹಣದ ಚಿಂತೆ ಅದಕ್ಕಿಂತ ಬೇರೆಯಾದ ಇನ್ನೊಂದು ಕಷ್ಟ. ಕೊರತೆಯು ಕೈಯನ್ನು ಕಟ್ಟಿದರೆ ಚಿಂತೆಯು ಬುದ್ಧಿಯನ್ನೇ ಕಟ್ಟಿಹಾಕುತ್ತದೆ. ತಮಿಳುನಾಡಿನ ೪೬೪ ಮಂದಿ ಕಬ್ಬು ಬೆಳೆಗಾರರನ್ನು ಕುರಿತು ವಿದ್ವಾಂಸರು ಒಂದು ಅಧ್ಯಯನ ನಡೆಸಿ ೨೦೧೩ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಕಬ್ಬಿನ ಹಣ ವರ್ಷಕ್ಕೊಮ್ಮೆ ಮಾತ್ರ ಕೈಸೇರುವುದರಿಂದ ಕಟಾವಿಗೆ ಮುನ್ನ ರೈತನ ಕೈ ಬರಿದಾಗಿರುತ್ತದೆ. ಕಟಾವಿನ ಅನಂತರ ತುಂಬಿರುತ್ತದೆ. ಅದೇ ರೈತರಿಗೆ ಎರಡೂ ಕಾಲಗಳಲ್ಲಿ ತರ್ಕದ ಮತ್ತು ಏಕಾಗ್ರತೆಯ ಪರೀಕ್ಷೆಗಳನ್ನು ಕೊಟ್ಟಾಗ, ಕಟಾವಿಗೆ ಮುನ್ನ ಅವರು ಹೆಚ್ಚು ತಪ್ಪುಗಳನ್ನು ಮಾಡಿದರು. ಕಟಾವಿನ ಅನಂತರ ಚೆನ್ನಾಗಿ ಉತ್ತರಿಸಿದರು. ಮನುಷ್ಯ ಅವನೇ, ಬುದ್ಧಿಯೂ ಅವನದೇ. ಆದರೆ ಹಣದ ಚಿಂತೆಯು ಆ ಬುದ್ಧಿಯ ಒಂದು ಪಾಲನ್ನು ಸದಾ ತನ್ನ ಬಳಿಯಲ್ಲಿ ಒತ್ತೆಯಿಟ್ಟುಕೊಂಡಿತ್ತು. ಬಡವರಿಗೆ ಲೆಕ್ಕ ತಿಳಿಯದು, ಮುಂದಾಲೋಚನೆ ಇಲ್ಲ ಎಂದು ಹಗುರವಾಗಿ ನುಡಿಯುವವರು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಹಾಗಾದರೆ ಈ ಚಿಂತೆಯ ಭಾರವನ್ನು ಇಳಿಸುವ ಬಗೆ ಯಾವುದು? ಇದಕ್ಕೆ ಒಂದು ಉತ್ತರವನ್ನು ನಮ್ಮ ಕರ್ನಾಟಕದ ಕರಾವಳಿಯಲ್ಲಿಯೇ ಸುಮಾರು ನೂರು ವರ್ಷಗಳ ಹಿಂದೆ ಕಂಡುಕೊಂಡರು.

ಅದು ೧೯೨೦ರ ದಶಕ. ಉಡುಪಿಯ ಸುತ್ತಮುತ್ತಲಿನ ಕೈಮಗ್ಗದ ನೇಕಾರರು ಬಹಳ ಸಂಕಷ್ಟದಲ್ಲಿದ್ದರು. ನೇಯ್ಗೆಯ ಕಸುಬು ಕುಸಿದಿತ್ತು. ನೂಲು ಕೊಳ್ಳಲು ಹಣವಿರಲಿಲ್ಲ. ಅಂಥವರಿಗೆ ನೆರವಾಗಬೇಕೆಂದು ವೈದ್ಯರಾದ ಡಾ. ತೋನ್ಸೆ ಮಾಧವ ಅನಂತ ಪೈ, ವ್ಯಾಪಾರಿಗಳಾದ ಉಪೇಂದ್ರ ಅನಂತ ಪೈ ಮತ್ತು ಇಂಜಿನಿಯರರಾದ ವಾಮನ ಶ್ರೀನಿವಾಸ ಕುಡ್ವ ಈ ಮೂವರು ಸೇರಿ ೧೯೨೫ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕನ್ನು ತೆರೆದರು. ಅದರ ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಮೊದಲಿಗೆ ಕೂಡಿಬಂದ ಬಂಡವಾಳ ೮,೦೦೦ ರೂಪಾಯಿ ಮಾತ್ರ.

ಬ್ಯಾಂಕು ಸಾಲ ಕೊಡಬೇಕಾದರೆ ಅದರಲ್ಲಿ ಜನರ ಹಣ ಸೇರಬೇಕು. ಆದರೆ ಆ ಕಾಲದಲ್ಲಿ ಬ್ಯಾಂಕೆಂದರೆ ಸಿರಿವಂತರ ಮನೆಯೆಂಬ ಭಾವನೆಯಿತ್ತು. ಮೀನು ಮಾರುವವಳು, ಗೂಡಂಗಡಿಯವನು, ನೇಕಾರ, ಬಂಡಿ ಹೊಡೆಯುವವನು ಇಂಥವರು ಅದರ ಮೆಟ್ಟಿಲು ಹತ್ತಲು ಅಂಜುತ್ತಿದ್ದರು. ಅವರಲ್ಲಿ ಹಣವೇ ಇರಲಿಲ್ಲವೆಂದಲ್ಲ. ದಿನದ ಕೊನೆಗೆ ಎರಡು ಕಾಸು ಉಳಿಯುತ್ತಿತ್ತು. ಅಷ್ಟನ್ನು ಹಿಡಿದುಕೊಂಡು ಬ್ಯಾಂಕಿಗೆ ಹೋಗುವುದು ಹೇಗೆ ಎಂಬ ಸಂಕೋಚ ಒಂದು ಕಡೆ. ಅದಕ್ಕಾಗಿ ಅರ್ಧ ದಿನದ ದುಡಿಮೆಯನ್ನು ಬಿಡಬೇಕಲ್ಲ ಎಂಬ ತೊಡಕು ಇನ್ನೊಂದು ಕಡೆ. ಹೀಗೆ ಉಳಿದ ಎರಡು ಕಾಸು ಮರುದಿನ ಬೆಳಗಾಗುವಷ್ಟರಲ್ಲಿ ಎಲ್ಲಿಯೋ ಕರಗಿಹೋಗುತ್ತಿತ್ತು.

ಈ ತೊಡಕನ್ನು ಬಿಡಿಸಲು ಆ ಬ್ಯಾಂಕು ೧೯೨೮ರಲ್ಲಿ ಒಂದು ಹೊಸ ಏರ್ಪಾಡನ್ನು ಮಾಡಿತು. ಜನರು ಬ್ಯಾಂಕಿಗೆ ಬರುವ ಬದಲು ಬ್ಯಾಂಕೇ ಜನರ ಬಾಗಿಲಿಗೆ ಹೋಯಿತು. ಬ್ಯಾಂಕಿನ ಪ್ರತಿನಿಧಿಯೊಬ್ಬನು ಪ್ರತಿದಿನವೂ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಹಣ ಸಂಗ್ರಹಿಸುತ್ತಿದ್ದನು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಅದನ್ನು ಆದರದಿಂದ ಪಡೆದು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದನು. ಮೊತ್ತವು ಬಹಳ ಕಿರಿದಾದ ಕಾರಣ ಇದಕ್ಕೆ ‘ಪಿಗ್ಮಿ ಠೇವಣಿ’ ಎಂಬ ಹೆಸರಾಯಿತು. ಮುಂದೆ ಈ ಬ್ಯಾಂಕು ೧೯೬೪ರಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರನ್ನು ತಳೆಯಿತು. ೧೯೬೯ರ ಜುಲೈ ೧೯ರಂದು ರಾಷ್ಟ್ರೀಕರಣಗೊಂಡಿತು. ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕಿನ ಹೆಸರು ಅಳಿದರೂ ಪಿಗ್ಮಿ ಎಂಬ ಮಾತು ಅಳಿಯಲಿಲ್ಲ. ಇಂದಿಗೂ ಕರ್ನಾಟಕದ ಊರೂರುಗಳಲ್ಲಿ ಸಣ್ಣ ಅಂಗಡಿಕಾರರು ‘ಪಿಗ್ಮಿ ಕಟ್ಟುತ್ತೇವೆ’ ಎಂದೇ ಹೇಳುತ್ತಾರೆ. ಪರದೇಶದ ನುಡಿಯೊಂದು ಹೀಗೆ ಕನ್ನಡದ ಬೀದಿಯ ಮಾತಾಗಿ ಬೇರೂರಿದೆ.

ಎರಡಾಣೆ ಎಂದರೆ ಎಷ್ಟು? ಹದಿನಾರು ಆಣೆಗಳಿಗೆ ಒಂದು ರೂಪಾಯಿ ಎಂಬುದು ಅಂದಿನ ಲೆಕ್ಕ. ಆದುದರಿಂದ ಎರಡಾಣೆಯು ರೂಪಾಯಿಯ ಎಂಟನೆಯ ಒಂದು ಪಾಲು. ದಿನಕ್ಕೆ ಎರಡಾಣೆಯಂತೆ ಮೂವತ್ತು ದಿನಗಳಿಗೆ ಅರವತ್ತು ಆಣೆ, ಅಂದರೆ ಮೂರು ರೂಪಾಯಿ ಹನ್ನೆರಡಾಣೆ. ವರ್ಷದ ೩೬೫ ದಿನಗಳಿಗೆ ೭೩೦ ಆಣೆ, ಅಂದರೆ ನಲವತ್ತೈದು ರೂಪಾಯಿ ಹತ್ತಾಣೆ. ವರ್ಷಕ್ಕೊಮ್ಮೆ ನಲವತ್ತೈದು ರೂಪಾಯಿ ಕೊಡು ಎಂದಿದ್ದರೆ ಆ ನೇಕಾರನು ಕೈಮುಗಿದು ದೂರ ಸರಿಯುತ್ತಿದ್ದನು. ದಿನಕ್ಕೆ ಎರಡಾಣೆ ಎಂದುದರಿಂದ ಅವನು ಮಗ್ಗದಿಂದ ಏಳದೆಯೇ ಅದನ್ನು ಎತ್ತಿಕೊಟ್ಟನು. ಮೊತ್ತದಲ್ಲಿ ವ್ಯತ್ಯಾಸವೇನೂ ಇರಲಿಲ್ಲ. ಅಳತೆಯಲ್ಲಿ ಮಾತ್ರ ವ್ಯತ್ಯಾಸವಿತ್ತು.

ಈ ಅಳತೆಯ ಗುಟ್ಟು ನಮ್ಮ ಹಿರಿಯರಿಗೆ ಹೊಸದಲ್ಲ. ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂಬ ಗಾದೆ ಅವರದೇ. ಅಡುಗೆಗೆ ಧಾನ್ಯ ತೆಗೆಯುವಾಗ ಅದರಿಂದ ಒಂದು ಹಿಡಿಯನ್ನು ಬೇರೆ ಗಡಿಗೆಯಲ್ಲಿ ಹಾಕಿಡುವ ಪದ್ಧತಿ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿತ್ತು. ಒಂದು ಹಿಡಿ ಕಡಿಮೆಯಾದುದರಿಂದ ಅಂದಿನ ಊಟಕ್ಕೆ ಯಾರಿಗೂ ಕೊರತೆಯಾಗುತ್ತಿರಲಿಲ್ಲ. ತಿಂಗಳ ಕೊನೆಗೆ ಗಡಿಗೆ ತುಂಬಿದಾಗ ಅದು ಬಂದ ನೆಂಟರಿಗೋ, ಮನೆಯಂಗಳಕ್ಕೆ ಬಂದ ಜಂಗಮರಿಗೋ, ಕೆಲಸ ಸಿಗದ ದಿನದ ರೊಟ್ಟಿಗೋ ಒದಗುತ್ತಿತ್ತು.

ದಿನದ ಅಳತೆಯನ್ನು ಅರಿಯುವುದರ ಹಿರಿಮೆಯನ್ನು ಸಾರುವ ಶರಣರ ಕಥೆಯೊಂದಿದೆ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ, ಲಕ್ಕಮ್ಮ ದಂಪತಿಗಳು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಇದರಿಂದಲೇ ಅವರ ಹೆಸರಿಗೆ ಆಯ್ದಕ್ಕಿ ಎಂಬುದು ಸೇರಿತು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಅಂದಿನ ಅಗತ್ಯಕ್ಕೆ ಮಿಕ್ಕದ್ದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳಂತೆ. ಆಕೆಯ ಮಾತಿನ ಗುರಿ ಆಸೆಯನ್ನು ಅಂಕೆಯಲ್ಲಿಡುವುದು, ಕೂಡಿಡುವುದಲ್ಲ. ಆದರೂ ಈ ಕಥೆಯಿಂದ ನಾವು ಕಲಿಯಬೇಕಾದುದು ಒಂದಿದೆ. ‘ಈ ದಿನಕ್ಕೆ ಎಷ್ಟು?’ ಎಂಬ ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿಕೊಂಡವರ ಮನಸ್ಸಿಗೆ ನಾಳೆಯ ಭಯವೂ ಇಲ್ಲ, ಇಂದಿನ ದುರಾಸೆಯೂ ಇಲ್ಲ. ಬಡತನದಲ್ಲಿಯೂ ಲಕ್ಕಮ್ಮನ ತಲೆ ಎತ್ತರದಲ್ಲಿದ್ದುದು ಈ ಕಾರಣದಿಂದ.

ಹೊರಗಿನ ಲೋಕವೂ ಇದೇ ದಾರಿಯನ್ನು ಬೇರೆ ಬೇರೆ ಕಾಲಗಳಲ್ಲಿ ಹುಡುಕಿಕೊಂಡಿದೆ. ಸ್ಕಾಟ್ಲೆಂಡಿನ ರತ್‌ವೆಲ್ ಎಂಬ ಹಳ್ಳಿಯ ಪಾದ್ರಿ ಹೆನ್ರಿ ಡಂಕನ್ ೧೮೧೦ರಲ್ಲಿ ಬಡವರಿಗಾಗಿ ಒಂದು ಉಳಿತಾಯದ ಬ್ಯಾಂಕನ್ನು ತೆರೆದರು. ಆ ದಿನಗಳಲ್ಲಿ ಬ್ಯಾಂಕಿನಲ್ಲಿ ಖಾತೆ ತೆರೆಯಲು ಹತ್ತು ಪೌಂಡು ಬೇಕಾಗಿತ್ತು. ಡಂಕನ್ನರ ಬ್ಯಾಂಕಿನಲ್ಲಿ ಆರು ಪೆನ್ನಿ ಸಾಕಾಗಿತ್ತು. ಆಫ್ರಿಕಾ ಖಂಡದ ಘಾನಾ ದೇಶದ ಸಂತೆಗಳಲ್ಲಿ ‘ಸುಸು’ ಸಂಗ್ರಾಹಕರೆಂಬವರಿದ್ದಾರೆ. ಅವರು ಮಾರುವ ಹೆಂಗಸರಿಂದ ದಿನವೂ ಗೊತ್ತಾದ ಒಂದು ಮೊತ್ತವನ್ನು ಪಡೆದು, ತಿಂಗಳ ಕೊನೆಯಲ್ಲಿ ಒಂದು ದಿನದ ಮೊತ್ತವನ್ನು ತಮ್ಮ ದುಡಿಮೆಗೆಂದು ಹಿಡಿದುಕೊಂಡು ಉಳಿದುದನ್ನೆಲ್ಲ ಹಿಂದಿರುಗಿಸುತ್ತಾರೆ. ನಮ್ಮ ಅಹಮದಾಬಾದಿನಲ್ಲಿ ೧೯೭೪ರಲ್ಲಿ ತರಕಾರಿ ಮಾರುವ, ಗಾಡಿ ಎಳೆಯುವ, ಬೀಡಿ ಕಟ್ಟುವ ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ತಮ್ಮದೇ ಆದ ‘ಸೇವಾ’ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಅವರನ್ನು ಸಂಘಟಿಸಿದವರು ಇಳಾ ಭಟ್. ಓದುಬರಹ ಬಾರದವರು ಬ್ಯಾಂಕು ನಡೆಸಬಲ್ಲರೇ ಎಂಬ ಸಂಶಯಕ್ಕೆ ಆ ಹೆಂಗಸರು ಕೆಲಸದಿಂದಲೇ ಉತ್ತರ ಕೊಟ್ಟರು.

ಅಮೆರಿಕ ದೇಶದಲ್ಲಿ ನಡೆದು ೨೦೨೦ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಈ ಮಾತಿಗೆ ಇನ್ನಷ್ಟು ಬಲ ಕೊಡುತ್ತದೆ. ಒಂದು ಉಳಿತಾಯ ಯೋಜನೆಗೆ ಹೊಸದಾಗಿ ಬಂದ ಸಾವಿರಾರು ಜನರಲ್ಲಿ ಕೆಲವರಿಗೆ ‘ತಿಂಗಳಿಗೆ ೧೫೦ ಡಾಲರ್ ಉಳಿಸುವಿರಾ?’ ಎಂದೂ, ಬೇರೆ ಕೆಲವರಿಗೆ ‘ದಿನಕ್ಕೆ ೫ ಡಾಲರ್ ಉಳಿಸುವಿರಾ?’ ಎಂದೂ ಕೇಳಲಾಯಿತು. ಎರಡೂ ಒಂದೇ ಮೊತ್ತವೆಂಬುದು ಮೂರನೆಯ ತರಗತಿಯ ಮಗುವಿಗೂ ತಿಳಿಯುತ್ತದೆ. ಆದರೆ ತಿಂಗಳ ಲೆಕ್ಕಕ್ಕೆ ಒಪ್ಪಿದವರು ನೂರಕ್ಕೆ ಏಳು ಮಂದಿ. ದಿನದ ಲೆಕ್ಕಕ್ಕೆ ಒಪ್ಪಿದವರು ನೂರಕ್ಕೆ ಮೂವತ್ತು ಮಂದಿ. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ತಿಂಗಳ ಲೆಕ್ಕದಲ್ಲಿ ಹೆಚ್ಚು ಗಳಿಸುವವರೇ ಬಹುವಾಗಿ ಮುಂದೆ ಬಂದರು. ದಿನದ ಲೆಕ್ಕದಲ್ಲಿ ಕಡಿಮೆ ಗಳಿಸುವವರೂ ಅವರ ಸರಿಸಮನಾಗಿ ನಿಂತರು. ಉಡುಪಿಯ ಪಿಗ್ಮಿಯ ಅನುಭವವು ತೊಂಬತ್ತು ವರ್ಷಗಳ ಅನಂತರ ಅಂಕಿ ಅಂಶಗಳ ರೂಪದಲ್ಲಿ ಮತ್ತೆ ಕಾಣಿಸಿಕೊಂಡಿತೆನ್ನಬಹುದು.

ಈಗ ಸೇಡಂ ರಸ್ತೆಯ ಆ ತಾಯಿಯ ಬಳಿಗೆ ಮರಳೋಣ. ನೆರೆಯ ಚಹಾದ ಅಂಗಡಿಯವನು ಪಿಗ್ಮಿ ಕಟ್ಟುವುದನ್ನು ಆಕೆ ದಿನವೂ ನೋಡುತ್ತಿದ್ದಳು. ಒಂದು ಸಂಜೆ ಮಗಳನ್ನು ಕೂರಿಸಿಕೊಂಡು ಲೆಕ್ಕ ಮಾಡಿಸುತ್ತಾಳೆ. ಆಗಸ್ಟ್ ಒಂದರಿಂದ ಮೇ ಮೂವತ್ತೊಂದರವರೆಗೆ ೩೦೪ ದಿನಗಳು. ದಿನಕ್ಕೆ ೪೦ ರೂಪಾಯಿಯಂತೆ ಮುನ್ನೂರು ದಿನ ಕಟ್ಟಿದರೆ ೧೨,೦೦೦ ರೂಪಾಯಿ. ನಾಲ್ಕುನೂರು ರೂಪಾಯಿಯ ಲಾಭದಲ್ಲಿ ನಲವತ್ತು ರೂಪಾಯಿ ಎಂದರೆ ಹತ್ತರಲ್ಲಿ ಒಂದು ಪಾಲು. ಅದನ್ನು ಬೇರೆ ತೆಗೆಯುವುದು ಸುಲಭವಲ್ಲ. ಆದರೆ ಅಸಾಧ್ಯವೂ ಅಲ್ಲ.

ಆಕೆ ತನ್ನ ಹಣವನ್ನು ಮೂರು ಗಂಟುಗಳಾಗಿ ಕಟ್ಟುತ್ತಾಳೆ. ಮೊದಲನೆಯದು ನಾಳೆಯ ಸರಕಿನ ೧,೫೦೦ ರೂಪಾಯಿ. ಅದು ಬಿತ್ತನೆಯ ಬೀಜವಿದ್ದಂತೆ. ಎಂಥ ಹಸಿವಿನಲ್ಲಿಯೂ ಅದಕ್ಕೆ ಕೈಹಾಕಲಾಗದು. ಎರಡನೆಯದು ಪಿಗ್ಮಿಯ ನಲವತ್ತು ರೂಪಾಯಿ. ಮೂರನೆಯದು ಮನೆಯ ಖರ್ಚಿನದು. ಇಲ್ಲಿ ಒಂದು ಸೂಕ್ಷ್ಮವಿದೆ. ಖರ್ಚು ಮಾಡಿ ಉಳಿದುದನ್ನು ಕಟ್ಟುತ್ತೇನೆ ಎಂದು ಆಕೆ ಹೇಳಲಿಲ್ಲ. ಕಟ್ಟಿದ ಮೇಲೆ ಉಳಿದುದರಲ್ಲಿ ಖರ್ಚು ಮಾಡುತ್ತೇನೆ ಎಂದಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಹಾಸಿಗೆಯ ಒಂದು ಗೇಣನ್ನು ಮೊದಲೇ ಮಡಿಚಿಟ್ಟು ಮಲಗುವ ಜಾಣ್ಮೆ ಕೆಲವರದು.

ದಾರಿ ನೇರವಾಗಿಯೇ ಇರುವುದಿಲ್ಲ. ಮಳೆ ಹಿಡಿದು ಮೂರು ದಿನ ವ್ಯಾಪಾರವಿಲ್ಲ. ಜ್ವರ ಬಂದು ಐದು ದಿನ ಗಾಡಿ ಹೊರಡಲಿಲ್ಲ. ಮೊದಲ ನೂರು ದಿನಗಳಲ್ಲಿ ಎಂಟು ದಿನ ತಪ್ಪಿಹೋದವು. ಮಗಳ ಮುಖ ಬಾಡುತ್ತದೆ. ಆದರೆ ಲೆಕ್ಕವು ಏನನ್ನು ಹೇಳುತ್ತದೆ ನೋಡಿರಿ. ತೊಂಬತ್ತೆರಡು ದಿನ ನಲವತ್ತರಂತೆ ಕಟ್ಟಿದ್ದು ೩,೬೮೦ ರೂಪಾಯಿ. ಇನ್ನು ಬೇಕಾದದ್ದು ೮,೩೨೦. ಉಳಿದಿರುವ ದಿನಗಳು ೨೦೪. ದಿನಕ್ಕೆ ೪೧ ರೂಪಾಯಿ ಕಟ್ಟಿದರೆ ೮,೩೬೪ ಆಗುತ್ತದೆ. ಗುರಿ ತಲುಪಿ ಇನ್ನೂ ೪೪ ರೂಪಾಯಿ ಮಿಗುತ್ತದೆ. ಎಂಟು ದಿನಗಳ ಸೋಲನ್ನು ದಿನಕ್ಕೊಂದು ರೂಪಾಯಿ ತುಂಬಿಕೊಟ್ಟಿತು! ದೊಡ್ಡ ಗುರಿಯನ್ನು ಇಡಿಯಾಗಿ ಎತ್ತಲು ಹೋದವನು ಒಮ್ಮೆ ಜಾರಿದರೆ ಎಲ್ಲವೂ ಕೈಬಿಟ್ಟಿತೆಂದು ಕುಸಿಯುತ್ತಾನೆ. ದಿನದ ಪಾಲನ್ನು ಹಿಡಿದವನು ಜಾರಿದರೂ ಮರುದಿನ ಮತ್ತೆ ನಿಲ್ಲಬಲ್ಲನು. ಈ ಮಾರ್ಗದ ಹಿರಿಯ ಗುಣವೆಂದರೆ ಇದು ತಪ್ಪನ್ನು ಕ್ಷಮಿಸುತ್ತದೆ.

ಮಗಳು ಮತ್ತೆ ಹನ್ನೆರಡು ಸಾವಿರದ ಮಾತು ತೆಗೆದಾಗ ತಾಯಿಯ ಬಳಿ ಈಗ ಉತ್ತರವಿದೆ: “ಹನ್ನೆರಡು ಸಾವಿರದ ಮಾತು ಬಿಡವ್ವ. ಇವತ್ತಿಂದು ಆಯ್ತಿಲ್ಲೋ? ನಾಳಿಂದು ನಾಳಿಗಿ.”

ಆಕೆಯ ಗಳಿಕೆ ಹೆಚ್ಚಿಲ್ಲ. ಮಗಳ ಶುಲ್ಕ ಕಡಿಮೆಯಾಗಿಲ್ಲ. ಆದರೂ ಆಕೆಗೆ ನಿದ್ದೆ ಬರುತ್ತದೆ. ಏಕೆಂದರೆ ‘ಎಲ್ಲಿಂದ ತರಲಿ?’ ಎಂಬ ಉತ್ತರವಿಲ್ಲದ ಪ್ರಶ್ನೆಯ ಜಾಗದಲ್ಲಿ ‘ಇಂದಿನದು ಆಯಿತೇ?’ ಎಂಬ ಉತ್ತರವಿರುವ ಪ್ರಶ್ನೆ ಬಂದು ಕುಳಿತಿದೆ.

ಇಷ್ಟು ಹೇಳಿದ ಮೇಲೆ ಈ ವಿಷಯದ ಇನ್ನೊಂದು ಮುಖವನ್ನು ತೋರಿಸದಿದ್ದರೆ ಪಾಠವು ಅರ್ಧವಾಗುತ್ತದೆ. ದಿನದ ಸಣ್ಣ ಮೊತ್ತವು ಉಳಿಸುವವನಿಗೆ ಬಲ ಕೊಡುವಂತೆಯೇ ಸಾಲ ಕೊಡುವವನಿಗೂ ಬಲ ಕೊಡುತ್ತದೆ. ದಿನಬಡ್ಡಿಯ ವ್ಯವಹಾರ ಮಾಡುವವನೊಬ್ಬನು ಬಂದು, “ಹತ್ತು ಸಾವಿರ ಸಾಲ ತಗೋ, ದಿನಕ್ಕೆ ಬರೇ ನೂರು ರೂಪಾಯಿಯಂಗ ನೂರು ದಿನ ಕೊಡು” ಎನ್ನುತ್ತಾನೆ. ಕೊಡುವಾಗ ಬಡ್ಡಿಯೆಂದು ಒಂದು ಸಾವಿರವನ್ನು ಮುರಿದುಕೊಂಡು ಒಂಬತ್ತು ಸಾವಿರವನ್ನೇ ಕೈಯಲ್ಲಿಡುತ್ತಾನೆ. ನೂರು ರೂಪಾಯಿ ಸಣ್ಣದೆನ್ನಿಸುತ್ತದೆ. ಬಡ್ಡಿ ನೂರಕ್ಕೆ ಹತ್ತೇ ಅಲ್ಲವೇ ಎನ್ನಿಸುತ್ತದೆ. ಆದರೆ ಮೊದಲ ದಿನದಿಂದಲೇ ಅಸಲು ಕರಗುತ್ತ ಹೋಗುವುದರಿಂದ ಆ ನೂರು ದಿನಗಳಲ್ಲಿ ಸಾಲಗಾರನ ಬಳಿ ಸರಾಸರಿಯಾಗಿ ಇದ್ದದ್ದು ಒಂಬತ್ತು ಸಾವಿರದ ಅರ್ಧ, ಅಂದರೆ ಸುಮಾರು ನಾಲ್ಕೂವರೆ ಸಾವಿರ ಮಾತ್ರ. ನಾಲ್ಕೂವರೆ ಸಾವಿರಕ್ಕೆ ನೂರು ದಿನಗಳಲ್ಲಿ ಒಂದು ಸಾವಿರ ಬಡ್ಡಿ! ವರ್ಷದ ಲೆಕ್ಕಕ್ಕೆ ತಂದರೆ ಅದು ನೂರಕ್ಕೆ ಸುಮಾರು ಎಂಬತ್ತು ರೂಪಾಯಿ ಬಡ್ಡಿಯಾಗುತ್ತದೆ. ಎರಡಾಣೆಯ ಬಲವೇ ಇಲ್ಲಿ ಎರಡಾಣೆಯ ಬಲೆಯಾಗುತ್ತದೆ. ಆದುದರಿಂದ ಉಳಿಸುವಾಗ ದಿನದ ಮೊತ್ತವನ್ನು ನೋಡಬೇಕು. ಸಾಲ ಮಾಡುವಾಗ ಮಾತ್ರ ಒಟ್ಟು ಮೊತ್ತವನ್ನು ನೋಡಬೇಕು. ಈ ಎರಡನ್ನು ಅದಲು ಬದಲು ಮಾಡಿಕೊಂಡವನು ಕೆಡುತ್ತಾನೆ.

ಇಂಥ ಬಲೆಯಿಂದ ಜನರನ್ನು ಕಾಪಾಡಲು ಕರ್ನಾಟಕ ರಾಜ್ಯವು ವಿಪರೀತ ಬಡ್ಡಿಯನ್ನು ನಿಷೇಧಿಸುವ ಕಾಯಿದೆಯನ್ನು ೨೦೦೪ರಲ್ಲಿಯೂ, ಸಣ್ಣ ಸಾಲಗಳ ವಸೂಲಿಯಲ್ಲಿ ಬಲಾತ್ಕಾರ ಮಾಡುವುದನ್ನು ತಡೆಯುವ ಕಾನೂನನ್ನು ೨೦೨೫ರಲ್ಲಿಯೂ ತಂದಿದೆ. ಬೀದಿ ವ್ಯಾಪಾರಿಗಳಿಗೆ ಬ್ಯಾಂಕುಗಳಿಂದಲೇ ಸಣ್ಣ ಸಾಲ ಕೊಡಿಸುವ ಪಿ.ಎಂ. ಸ್ವನಿಧಿ ಯೋಜನೆಯನ್ನು ಕೇಂದ್ರ ಸರ್ಕಾರವು ೨೦೨೦ರಲ್ಲಿ ಆರಂಭಿಸಿತು. ಅದರ ಮೊದಲ ಕಂತಿನ ಸಾಲ ೧೦,೦೦೦ ರೂಪಾಯಿ ಇದ್ದುದನ್ನು ೨೦೨೫ರಲ್ಲಿ ೧೫,೦೦೦ಕ್ಕೆ ಏರಿಸಲಾಯಿತು. ಇವುಗಳ ಅರಿವು ದುಡಿಯುವವರ ಮನೆಮನೆಗೂ ತಲುಪಬೇಕು. ತಲುಪಿಸುವ ಕೆಲಸವನ್ನು ಓದಿದ ಮಕ್ಕಳೂ ಮಾಡಬಹುದು.

ಕಟ್ಟಿದ ಹಣ ಕ್ಷೇಮವಾಗಿರುವುದೂ ಅಷ್ಟೇ ಮುಖ್ಯ. ಹಣ ಪಡೆಯುವವನು ಯಾವ ಸಂಸ್ಥೆಯ ಪ್ರತಿನಿಧಿ, ಅವನಲ್ಲಿ ಗುರುತಿನ ಚೀಟಿ ಇದೆಯೇ, ಕೊಟ್ಟ ಪ್ರತಿಯೊಂದು ಮೊತ್ತಕ್ಕೂ ರಸೀದಿ ದೊರೆಯಿತೇ, ಪುಸ್ತಕದಲ್ಲಿ ಜಮೆಯಾಯಿತೇ ಎಂಬುದನ್ನು ಆಗಾಗ ಪರೀಕ್ಷಿಸಬೇಕು. ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನ ಐದು ಲಕ್ಷ ರೂಪಾಯಿಯವರೆಗಿನ ಹಣಕ್ಕೆ ೨೦೨೦ರಿಂದ ವಿಮೆಯ ರಕ್ಷಣೆಯಿದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ; ಆದರೆ ಬ್ಯಾಂಕಲ್ಲದ ಸಹಕಾರ ಸಂಘಗಳಿಗೆ ಅನ್ವಯಿಸುವುದಿಲ್ಲ. ಬೆವರು ಸುರಿಸಿ ಗಳಿಸಿದ ಹಣವನ್ನು ಇಡುವ ಮುನ್ನ ಈ ವ್ಯತ್ಯಾಸವನ್ನು ಕೇಳಿ ತಿಳಿಯುವುದು ಸಂಶಯಪಿಶಾಚಿಯ ಲಕ್ಷಣವಲ್ಲ, ವಿವೇಕಿಯ ಲಕ್ಷಣ.

ದಿನದ ನಲವತ್ತು ರೂಪಾಯಿ ಎಲ್ಲ ಕಷ್ಟಗಳಿಗೂ ಮದ್ದೆಂದು ತಿಳಿಯಬಾರದು. ಹೊಟ್ಟೆಗೇ ಸಾಲದಷ್ಟು ಗಳಿಸುವವನಿಗೆ ಉಳಿಸು ಎಂದು ಉಪದೇಶಿಸುವುದು ಕ್ರೌರ್ಯವಾಗುತ್ತದೆ. ಅವನಿಗೆ ಬೇಕಾದದ್ದು ನ್ಯಾಯವಾದ ಕೂಲಿ, ಕೈಗೆಟಕುವ ಚಿಕಿತ್ಸೆ, ಮಕ್ಕಳಿಗೆ ಒಳ್ಳೆಯ ಶಾಲೆ. ಅವನ್ನು ಒದಗಿಸುವುದು ಸಮಾಜದ ಹೊಣೆ. ಆದರೆ ಸಮಾಜವು ತನ್ನ ಹೊಣೆಯನ್ನು ಪೂರೈಸುವವರೆಗೆ ಮನುಷ್ಯನು ತನ್ನ ಇಂದಿನ ದಿನವನ್ನು ಕೈಚೆಲ್ಲಿ ಕೂರಬೇಕಾಗಿಲ್ಲ. ತನ್ನ ಅಂಕೆಯಲ್ಲಿರುವ ಒಂದು ಸಣ್ಣ ಪಾಲನ್ನು ಗುರುತಿಸಿ ಅದನ್ನು ಮಾಡಿ ಮುಗಿಸುವುದರಲ್ಲಿ ಒಂದು ಘನತೆಯಿದೆ.

ಈ ನೀತಿ ಹಣಕ್ಕೆ ಮಾತ್ರ ಸೀಮಿತವಾದುದಲ್ಲ. ವರ್ಷದ ಪಾಠಗಳನ್ನೆಲ್ಲ ಪರೀಕ್ಷೆಯ ಹಿಂದಿನ ವಾರಕ್ಕೆ ಇಟ್ಟುಕೊಂಡ ವಿದ್ಯಾರ್ಥಿಯ ಎದೆಬಡಿತವೂ ಹನ್ನೆರಡು ಸಾವಿರದ ಮುಂದೆ ನಿಂತ ತಾಯಿಯ ಎದೆಬಡಿತವೂ ಒಂದೇ ಬಗೆಯವು. ದಿನಕ್ಕೆರಡು ಪುಟಗಳನ್ನು ಮನಸ್ಸಿಟ್ಟು ಓದಿದವನಿಗೆ ಆ ಭಯವಿಲ್ಲ.

ಸಂಜೆ ಸೇಡಂ ರಸ್ತೆಯಲ್ಲಿ ದೀಪಗಳು ಹತ್ತಿಕೊಳ್ಳುತ್ತವೆ. ಆಸ್ಪತ್ರೆಯ ಎದುರಿನ ಗದ್ದಲ ಇಳಿಯುತ್ತದೆ. ಪಿಗ್ಮಿಯವನು ಸೈಕಲ್ಲಿನಂಥ ಹಳೆಯ ವಾಹನವೇ ಇರಲಿ, ಹೊಸ ಬೈಕೇ ಇರಲಿ, ಅದನ್ನು ನಿಲ್ಲಿಸಿ ಗಾಡಿಯ ಬಳಿಗೆ ಬರುತ್ತಾನೆ. ತಾಯಿ ಸೆರಗಿನ ಗಂಟು ಬಿಚ್ಚಿ ನಲವತ್ತೊಂದು ರೂಪಾಯಿ ಎಣಿಸಿ ಕೊಡುತ್ತಾಳೆ. ರಸೀದಿಯನ್ನು ಮಗಳು ಓದಿ ನೋಡಿ ಡಬ್ಬಿಯಲ್ಲಿಡುತ್ತಾಳೆ. ಜೂನ್ ತಿಂಗಳು ಇನ್ನೂ ದೂರದಲ್ಲಿದೆ. ಆದರೆ ಅದು ಈಗ ಹೆದರಿಸುವ ತಿಂಗಳಲ್ಲ. ದಿನಕ್ಕೊಂದು ಹೆಜ್ಜೆಯಂತೆ ಅವರೇ ಅದರತ್ತ ನಡೆಯುತ್ತಿದ್ದಾರೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
೧. ಪಿಗ್ಮಿ ಠೇವಣಿಯು ಯಾವ ವರ್ಷ ಆರಂಭವಾಯಿತು?
೨. ವರ್ಷಪೂರ್ತಿ ದಿನಕ್ಕೆ ಎರಡಾಣೆ ಕೂಡಿಟ್ಟರೆ ಎಷ್ಟು ಹಣವಾಗುತ್ತಿತ್ತು?
೩. ಹಣ್ಣು ಮಾರುವ ತಾಯಿ ಯಾವ ಗಂಟನ್ನು ಬಿತ್ತನೆಯ ಬೀಜವೆಂದು ಭಾವಿಸಿದಳು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಕಬ್ಬು ಬೆಳೆಗಾರರ ಅಧ್ಯಯನದಿಂದ ತಿಳಿದುಬಂದ ಸಂಗತಿ ಯಾವುದು?
೨. ಉಡುಪಿಯ ಸಾಮಾನ್ಯ ಜನರು ಬ್ಯಾಂಕಿಗೆ ಹೋಗಲು ಏಕೆ ಅಂಜುತ್ತಿದ್ದರು? ಆ ತೊಡಕು ಹೇಗೆ ನೀಗಿತು?
೩. ತಪ್ಪಿಹೋದ ಎಂಟು ದಿನಗಳ ಹಣವನ್ನು ತಾಯಿ ಹೇಗೆ ತುಂಬಿಕೊಂಡಳು?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
೧. ‘ಎರಡಾಣೆಯ ಬಲವೇ ಎರಡಾಣೆಯ ಬಲೆಯಾಗುತ್ತದೆ’ ಎಂಬ ಮಾತನ್ನು ಲೆಕ್ಕದೊಡನೆ ವಿವರಿಸಿರಿ.
೨. ಆಯ್ದಕ್ಕಿ ಲಕ್ಕಮ್ಮನ ಕಥೆಗೂ ಈ ಪಾಠದ ಆಶಯಕ್ಕೂ ಇರುವ ಸಂಬಂಧವನ್ನು ತಿಳಿಸಿರಿ.

ಈ) ಭಾಷಾಭ್ಯಾಸ
೧. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಎರಡಾಣೆ, ಮನೆಯಂಗಳ, ದಿನಾಂತ್ಯ.
೨. ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ: ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ.

ಉ) ಮಾಡಿ ನೋಡಿರಿ
ನಿಮ್ಮ ಊರಿನ ಒಬ್ಬ ಸಣ್ಣ ವ್ಯಾಪಾರಿಯನ್ನು ಕಂಡು, ಅವರು ದಿನದ ಗಳಿಕೆಯನ್ನು ಹೇಗೆ ಹಂಚಿಕೊಳ್ಳುತ್ತಾರೆಂಬುದನ್ನು ಕೇಳಿ ತಿಳಿದು ಒಂದು ಪುಟ ಬರೆಯಿರಿ.